ದನಿ ಒಡೆಯುತ್ತಿರುವ ಹುಡುಗನನ್ನು ಬೇಸಿಗೆ ಕ್ವಾಯರ್ ಶಿಬಿರಕ್ಕೆ ಕಳಿಸಬಹುದಾ?

ಹುಡುಗನ ಅಮ್ಮ
ಎಲ್ಲರಿಗೂ ನಮಸ್ಕಾರ. ಮಗನಿಗೆ 14 ವರ್ಷ. ಚಿಕ್ಕಂದಿನಿಂದ ಚರ್ಚ್ ಕ್ವಾಯರ್‌ನಲ್ಲಿ (ಹಾಡುವ ತಂಡದಲ್ಲಿ) ಸೊಪ್ರಾನೊ, ಅಂದರೆ ಎಲ್ಲಕ್ಕಿಂತ ಎತ್ತರದ ಸಾಲು, ಹಾಡಿಕೊಂಡು ಬಂದವನು. ಕೆಲವು ತಿಂಗಳಿಂದ ದನಿ ಒಡೆಯುತ್ತಿದೆ. ಮಾತಾಡುವಾಗಲೇ ಒಂದು ಪದ ಮೇಲೆ, ಇನ್ನೊಂದು ಪದ ಕೆಳಗೆ. ಹಾಡುವಾಗ ಕೇಳಲೇಬೇಡಿ. ಈಗ ಬೇಸಿಗೆ ರಜೆಯಲ್ಲಿ ಕಥೋಲಿಕ ಹದಿಹರೆಯದವರಿಗೆ ಒಂದು ವಾರದ ಕ್ವಾಯರ್ ಶಿಬಿರ ಇದೆ. ಅಲ್ಲೇ ಉಳಿದುಕೊಳ್ಳಬೇಕು, ಕೊನೇ ದಿನ ಮಕ್ಕಳೇ ಪೂರ್ತಿ ಪೂಜೆ (ಚರ್ಚಿನ ಮಾಸ್) ಹಾಡುತ್ತಾರಂತೆ. ಅವನಿಗೆ ಹೋಗುವ ಆಸೆ ತುಂಬಾ ಇದೆ. ಆದರೆ ನಮ್ಮ ಕ್ವಾಯರ್ ನಡೆಸುವವರು "ಗಂಟಲು ಕೂರಲಿ, ಎರಡು ವರ್ಷ ಬಿಟ್ಟು ಬಾ" ಅಂದುಬಿಟ್ಟರು. ಅವತ್ತಿನಿಂದ ಮನೆಯಲ್ಲೂ ಹಾಡುತ್ತಿಲ್ಲ.

ನನ್ನ ಪ್ರಶ್ನೆ ಎರಡು. ಈ ಸಮಯದಲ್ಲಿ ದಿನಕ್ಕೆ ಅಷ್ಟು ಹೊತ್ತು ಹಾಡಿಸಿದರೆ ಗಂಟಲು ಹಾಳಾಗುತ್ತದಾ? ಮತ್ತೆ, ಇಂಥ ಶಿಬಿರದಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ನಿಜವಾಗಿ ಏನು ಮಾಡಿಸುತ್ತಾರೆ? ಸಂಗೀತವಾ, ಪ್ರಾರ್ಥನೆಯಾ, ಬರೀ ಆಟವಾ?

ಬೇಸ್ ಸಾಲು
ಕಳಿಸಿ. ಕಣ್ಣು ಮುಚ್ಚಿಕೊಂಡು ಕಳಿಸಿ.

ಆಲ್ಟೊ ಅಕ್ಕ
ಕಣ್ಣು ಮುಚ್ಚಿಕೊಂಡು ಯಾಕೆ ಕಳಿಸಬೇಕು? ಯಾರು ನಡೆಸುತ್ತಿದ್ದಾರೆ, ಯಾರು ಹಾಡಿಸುತ್ತಾರೆ ಎಂದು ಮೊದಲು ವಿಚಾರಿಸಲಿ. ದನಿ ಒಡೆಯುವ ಹುಡುಗರ ಬಗ್ಗೆ ತಿಳಿದವರು ಸಿಕ್ಕರೆ ಒಂದು ವಾರ ಬಂಗಾರ. ತಿಳಿಯದವರ ಕೈಗೆ ಸಿಕ್ಕರೆ ಹುಡುಗ ಹಾಡೋದನ್ನೇ ಬಿಟ್ಟುಬಿಡುತ್ತಾನೆ.

ಸ್ಪೀಚ್ ಥೆರಪಿ
ನಾನು ವೃತ್ತಿಯಲ್ಲಿ ಗಂಟಲು, ಮಾತು ನೋಡುವವಳು. ಮೊದಲ ಪ್ರಶ್ನೆಗೆ ಉತ್ತರ ಕೊಡುತ್ತೇನೆ.

ಹುಡುಗರಲ್ಲಿ ಸಾಮಾನ್ಯವಾಗಿ 12ರಿಂದ 15ರ ನಡುವೆ ಧ್ವನಿಪೆಟ್ಟಿಗೆ ಬೇಗ ಬೇಗ ದೊಡ್ಡದಾಗುತ್ತದೆ. ಒಳಗಿನ ಧ್ವನಿತಂತುಗಳು ಉದ್ದವಾಗುತ್ತವೆ, ದಪ್ಪವೂ ಆಗುತ್ತವೆ. ದನಿ ಹೆಚ್ಚುಕಡಿಮೆ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ನಿನ್ನೆ ಇದ್ದ ಉದ್ದ ಇವತ್ತಿಲ್ಲ, ಮೆದುಳು ಹಳೇ ಅಳತೆಯಲ್ಲೇ ಸ್ನಾಯು ಬಿಗಿಯುತ್ತದೆ. ಅದಕ್ಕೇ ದನಿ ಜಾರುತ್ತದೆ. ಇದು ಕಾಯಿಲೆ ಅಲ್ಲ. ಹಾಡು ನಿಲ್ಲಿಸಬೇಕೆಂದೂ ಇಲ್ಲ. ಹಳೇ ಎತ್ತರದ ಸ್ವರಗಳನ್ನು ಹಿಡಿಯಲು ಒತ್ತಾಯ ಮಾಡಬಾರದು, ಇನ್ನೂ ಬಾರದ ತಗ್ಗು ಸ್ವರಗಳನ್ನು ಗಂಟಲು ಒತ್ತಿ ತೆಗೆಸಬಾರದು, ಅಷ್ಟೇ. ಸುಲಭವಾಗಿ ಬರುವ ಐದಾರು ಸ್ವರದೊಳಗೆ ಮೆತ್ತಗೆ ಹಾಡುತ್ತಿದ್ದರೆ ಹೊಸ ದನಿಯ ಪರಿಚಯ ಬೇಗ ಆಗುತ್ತದೆ.

ನೋವು ಬಂದರೆ ಆ ಕ್ಷಣವೇ ನಿಲ್ಲಿಸಬೇಕು. ದನಿ ಪೂರ್ತಿ ಕೂತುಹೋಗಿ ನಾಲ್ಕು ವಾರವಾದರೂ ಸರಿಹೋಗದಿದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಇನ್ನೊಂದು ವಿಷಯ. ಶಿಬಿರದಲ್ಲಿ ಗಂಟಲು ಹಾಳಾಗುವುದು ಹಾಡಿನಿಂದ ಕಡಿಮೆ, ಆಟದ ಮೈದಾನದಲ್ಲಿ ಕಿರುಚುವುದರಿಂದ ಮತ್ತು ರಾತ್ರಿ ನಿದ್ದೆಗೆಟ್ಟು ಮಾತಾಡುವುದರಿಂದ ಜಾಸ್ತಿ.

ಕ್ವಾಯರ್ ಮೇಷ್ಟ್ರು
ಮೇಲಿನ ಮೇಡಂ ಹೇಳಿದ್ದು ಸರಿ. "ಎರಡು ವರ್ಷ ಬಿಟ್ಟು ಬಾ" ಎನ್ನುವುದು ಹಳೇ ಪದ್ಧತಿ. ಎತ್ತರದ ಸಾಲಿಗೆ ಹುಡುಗರೇ ಬೇಕು ಎನ್ನುವ ಕ್ವಾಯರ್‌ಗಳಲ್ಲಿ ದನಿ ಒಡೆದ ದಿನ ಹುಡುಗನ ಕೆಲಸ ಮುಗಿಯುತ್ತಿತ್ತು. ವಿಯೆನ್ನಾದ ಅರಮನೆಯ ಚರ್ಚಿನಲ್ಲಿ ಹಾಡುತ್ತಿದ್ದ ಸಂಗೀತ ರಚನೆಕಾರ ಶೂಬರ್ಟ್‌ನ ಕಥೆ ಕೇಳಿರಬಹುದು. 15 ವರ್ಷ. ಹಾಡಿನ ಹಾಳೆಯ ಮೇಲೆ ತಾನು ಕೊನೇ ಸಲ ಹುಂಜದ ಹಾಗೆ ಕೂಗಿದ ದಿನ ಎಂದು ಬರೆದಿಟ್ಟ, 1812ರ ಜುಲೈ 26. ಅವನು ಶೂಬರ್ಟ್ ಆಗಿದ್ದರಿಂದ ಸಂಗೀತ ಅವನನ್ನು ಬಿಡಲಿಲ್ಲ. ನಮ್ಮ ನಿಮ್ಮ ಮಕ್ಕಳು ಎರಡು ವರ್ಷ ಹೊರಗೆ ಕೂತರೆ ವಾಪಸ್ ಬರುವುದಿಲ್ಲ. ಎಲ್ಲಾ ಚರ್ಚ್‌ಗಳಲ್ಲೂ ಟೆನರ್ (ಗಂಡಸರ ಮೇಲಿನ ಸಾಲು) ಇಲ್ಲ, ಬೇಸ್ (ಗಂಡಸರ ಕೆಳಗಿನ ಸಾಲು) ಇಲ್ಲ ಎಂದು ಗೋಳಾಡುತ್ತೇವಲ್ಲ, ಆ ಟೆನರ್ ಬೇಸ್‌ಗಳನ್ನು 14ನೇ ವಯಸ್ಸಿನಲ್ಲಿ ನಾವೇ ಮನೆಗೆ ಕಳಿಸಿರುತ್ತೇವೆ.

ಈಗ ಹಾಗಲ್ಲ. ಒಡೆಯುತ್ತಿರುವ ದನಿಗೇ ಬೇರೆ ಸಾಲು ಬರೆಯುವವರಿದ್ದಾರೆ, ಅದಕ್ಕೆ ಕ್ಯಾಂಬಿಯಾಟಾ ಎನ್ನುತ್ತಾರೆ. ಆಲ್ಟೊಗಿಂತ (ಸೊಪ್ರಾನೊ ಕೆಳಗಿನ ಸಾಲು) ಕೆಳಗೆ, ದೊಡ್ಡವರ ಟೆನರ್‌ನಷ್ಟು ತಗ್ಗಿಗೆ ಇಳಿಯದ, ಚಿಕ್ಕ ವ್ಯಾಪ್ತಿಯ ಸಾಲು. ಶಿಬಿರಕ್ಕೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ದನಿ ಒಡೆಯುತ್ತಿರುವ ಹುಡುಗರನ್ನು ಎಲ್ಲಿ ನಿಲ್ಲಿಸುತ್ತೀರಿ? ಉತ್ತರ ತಡವರಿಸಿದರೆ ಬೇರೆ ಶಿಬಿರ ನೋಡಿ.

ಕೊನೇ ಬೆಂಚು
ಆಂಟಿ, ನಂಗೆ 17. ಇಂಥ ಶಿಬಿರಕ್ಕೆ ಹೋಗಿ ಬಂದವನು, ದನಿ ಒಡೆಯುತ್ತಿದ್ದಾಗಲೇ ಹೋಗಿದ್ದೆ. ದಿನ ಹೇಗಿರುತ್ತೆ ಹೇಳ್ತೀನಿ.

ಬೆಳಗ್ಗೆ ಎದ್ದು ಪ್ರಾರ್ಥನೆ, ಒಂದು ಕೀರ್ತನೆ ಹಾಡುತ್ತೇವೆ. ಆಮೇಲೆ ವಾರ್ಮ್ ಅಪ್. ತುಟಿ ಬುರ್ರ್ ಎನ್ನಿಸೋದು, ಮೇಲಿಂದ ಕೆಳಕ್ಕೆ ಸೈರನ್ ಥರ ಜಾರೋದು, ಮೊದಲ ದಿನ ಎಲ್ಲರೂ ನಗ್ತಾರೆ. ನಂತರ ಸೊಪ್ರಾನೊ, ಆಲ್ಟೊ, ಟೆನರ್, ಬೇಸ್ ಬೇರೆ ಬೇರೆ ರೂಮಿನಲ್ಲಿ ಪ್ರಾಕ್ಟೀಸ್. ನೊಟೇಷನ್ ಓದೋ ಕ್ಲಾಸ್. ಮಧ್ಯಾಹ್ನ ಸ್ವಲ್ಪ ಬಿಡುವು, ಆಮೇಲೆ ಎಲ್ಲರೂ ಸೇರಿ ಹಾಡೋದು. ಸಂಜೆ ಪೂಜೆ, ಆಟ. ರಾತ್ರಿ ಮಲಗುವ ಮುಂಚೆ ದೀಪ ಕಡಿಮೆ ಮಾಡಿ ರಾತ್ರಿ ಪ್ರಾರ್ಥನೆ. ಫೋನ್ ಬೆಳಗ್ಗೆಯೇ ಕೊಟ್ಟುಬಿಡಬೇಕು.

ನಮ್ಮ ಸೆಕ್ಷನ್ ಲೀಡರ್ ಅಣ್ಣ ಒಂದು ಕೆಲಸ ಮಾಡ್ತಿದ್ರು. ದಿನಾ ಬೆಳಗ್ಗೆ ನಮ್ಮಂಥ ನಾಲ್ಕೈದು ಹುಡುಗರನ್ನು ಒಬ್ಬೊಬ್ಬರಾಗಿ ಕೀಬೋರ್ಡ್ ಹತ್ತಿರ ಕರೆಯೋರು, ರೂಮಿನಲ್ಲಿ ಉಳಿದವರೂ ಇರೋರು. ಐದು ಸ್ವರ ಮೇಲಿಂದ ಕೆಳಕ್ಕೆ ಇಳಿಸೋರು. ಎಲ್ಲಿ ಸಲೀಸಾಗಿ ಬರುತ್ತೆ ನೋಡಿಕೊಂಡು ನಮ್ಮ ಹಾಳೆ ಮೇಲೆ ಪೆನ್ಸಿಲ್‌ನಲ್ಲಿ ಬಾಣ ಹಾಕೋರು. ಇಲ್ಲಿವರೆಗೆ ಟೆನರ್ ಹಾಡು, ಈ ಜಾಗದಲ್ಲಿ ಬೇಸ್‌ಗೆ ಇಳಿ, ಈ ಎರಡು ಸ್ವರ ಬಿಟ್ಟುಬಿಡು, ಪಕ್ಕದವನು ನೋಡ್ಕೊಳ್ತಾನೆ. ಮಾರನೇ ದಿನ ದನಿ ಬದಲಾಗಿದ್ದರೆ ಬಾಣ ಅಳಿಸಿ ಬೇರೆ ಕಡೆ. ನನ್ನ ಹಾಳೆ ಪೂರ್ತಿ ಬಾಣ. ಯಾರೂ ನಗಲಿಲ್ಲ, ಯಾಕಂದ್ರೆ ಎಲ್ಲರ ಹಾಳೇಲೂ ಬಾಣ ಇತ್ತು.

ಹುಡುಗನ ಅಮ್ಮ
ಇದನ್ನು ಅವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿದ. ಥ್ಯಾಂಕ್ಸ್ ಕಂದಾ.

ನಾಲ್ಕು ಗೆರೆ
ಯಾರೂ ಹೇಳದೇ ಇರೋ ಒಂದು ಮಾತು. ಈ ವಯಸ್ಸಿನ ಹುಡುಗರಿಗೆ ಗ್ರೆಗೋರಿಯನ್ ಗಾನದಷ್ಟು, ಅಂದರೆ ಚರ್ಚಿನ ಹಳೇ ಲ್ಯಾಟಿನ್ ಗಾನದಷ್ಟು, ಹೊಂದುವ ಸಂಗೀತ ಇನ್ನೊಂದಿಲ್ಲ. ಅದನ್ನು ಬರೆಯುವುದು ನಾಲ್ಕು ಗೆರೆಯ ಮೇಲೆ, ಚೌಕ ಸ್ವರಗಳಲ್ಲಿ. ದೊ ಎಲ್ಲಿದೆ, ಫಾ ಎಲ್ಲಿದೆ ಎಂದು ತೋರಿಸುತ್ತದೆಯೇ ಹೊರತು ಯಾವ ಎತ್ತರದಲ್ಲಿ ಹಾಡಬೇಕು ಎಂದು ಹೇಳುವುದಿಲ್ಲ. ಶ್ರುತಿ ನಮ್ಮ ಕೈಯಲ್ಲಿ. ಹುಡುಗರ ಗಂಟಲಿಗೆ ಎಲ್ಲಿ ಕೂರುತ್ತದೋ ಅಲ್ಲಿಂದ ಶುರು ಮಾಡಬಹುದು. ಎಷ್ಟೋ ಹಾಡುಗಳು ಒಂದು ಸ್ಥಾಯಿಯ ಒಳಗೇ ಮುಗಿಯುತ್ತವೆ. ಎಲ್ಲರೂ ಒಂದೇ ಸಾಲು ಹಾಡುವುದರಿಂದ ಒಬ್ಬನ ದನಿ ಜಾರಿದರೂ ಉಳಿದವರು ಎತ್ತಿಕೊಂಡು ಹೋಗುತ್ತಾರೆ.

ದೊ ರೆ ಮಿ ಹುಟ್ಟಿದ್ದೂ ಚರ್ಚ್ ಕ್ವಾಯರ್ ಮಕ್ಕಳಿಗೆ ಬೇಗ ಕಲಿಸಲಿಕ್ಕಾಗಿಯೇ. 11ನೇ ಶತಮಾನದಲ್ಲಿ ಅರೆಜ್ಜೊದ ಗ್ವೀದೊ ಎಂಬ ಸನ್ಯಾಸಿ, ಸ್ನಾನಿಕ ಯೋವಾನ್ನರ ಸ್ತುತಿಗೀತೆಯೊಂದನ್ನು ಹಿಡಿದುಕೊಂಡ. ಅದರ ಒಂದೊಂದು ತುಣುಕೂ ಹಿಂದಿನದಕ್ಕಿಂತ ಒಂದು ಸ್ವರ ಮೇಲೆ ಶುರುವಾಗುತ್ತದೆ. ಆ ತುಣುಕುಗಳ ಮೊದಲ ಅಕ್ಷರಗಳೇ ಉತ್ (ಇದೇ ಮುಂದೆ ದೊ ಆಯಿತು), ರೆ, ಮಿ, ಫಾ, ಸೊಲ್, ಲಾ. ಶಿಬಿರಗಳಲ್ಲಿ ಇದನ್ನು ಬಿಟ್ಟು ಗಿಟಾರ್ ಹಿಡಿದು ಕುಣಿಸುವುದು ನನಗೆ ಹಿಡಿಸುವುದಿಲ್ಲ.

ಗಿಟಾರ್ ಬಿಡಲ್ಲ
ಬಂತು ನೋಡಿ. ಗಿಟಾರ್ ಮೇಲೆ ಯಾಕೆ ಸಿಟ್ಟು ಸ್ವಾಮಿ? ನಾನು ಯುವಜನರ ಜೊತೆ ಹಾಡುತ್ತಾ ಬಂದವನು. ಮಕ್ಕಳು ಚರ್ಚಿನ ಬಾಗಿಲೊಳಗೆ ಬರುವುದೇ ಅವರಿಗೆ ಗೊತ್ತಿರುವ ಸಂಗೀತ ಕೇಳಿ. ಮೊದಲ ದಿನವೇ ನಾಲ್ಕು ಗೆರೆ, ಲ್ಯಾಟಿನ್ ಎಂದು ಕೂರಿಸಿದರೆ ಮೂರನೇ ದಿನ ಅರ್ಧ ಜನಕ್ಕೆ ಮನೆ ನೆನಪಾಗುತ್ತದೆ.

ನಾಲ್ಕು ಗೆರೆ
ಇದು ನನ್ನ ಇಷ್ಟಾನಿಷ್ಟದ ಮಾತಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ (ಜಗತ್ತಿನ ಕಥೋಲಿಕ ಬಿಷಪರ ಸಭೆ) ಹೊರಡಿಸಿದ ದೈವಾರಾಧನೆಯ ದಾಖಲೆ ಇದೆಯಲ್ಲ, 1963ರದ್ದು, ಅದರ 116ನೇ ಕಂಡಿಕೆ ಓದಿ. ಆರಾಧನೆಯ ಹಾಡಿನಲ್ಲಿ ಮೊದಲ ಸ್ಥಾನ ಗ್ರೆಗೋರಿಯನ್ ಗಾನಕ್ಕೆ ಎಂದು ಸ್ಪಷ್ಟವಾಗಿದೆ.

ಗಿಟಾರ್ ಬಿಡಲ್ಲ
ಪೂರ್ತಿ ಓದಿ ಸರ್. "ಉಳಿದೆಲ್ಲ ಸಮಾನವಾಗಿದ್ದಾಗ" ಎನ್ನುವ ಮಾತೂ ಅದೇ ಸಾಲಿನಲ್ಲಿದೆ. ಬೇರೆ ಬಗೆಯ ಸಂಗೀತವನ್ನು ಹೊರಗಿಡುವುದಿಲ್ಲ ಎಂದೂ ಅಲ್ಲೇ ಇದೆ. 118ರಲ್ಲಿ ಜನರ ಭಕ್ತಿಗೀತೆಗೆ ಪ್ರೋತ್ಸಾಹ ಕೊಡಿ ಎಂದಿದೆ. 120ರಲ್ಲಿ ಪೈಪ್ ಆರ್ಗನ್‌ಗೆ ಗೌರವ, ಜೊತೆಗೆ ತಕ್ಕದಾದ ಬೇರೆ ವಾದ್ಯಗಳಿಗೂ ಅಧಿಕಾರಿಗಳ ಒಪ್ಪಿಗೆಯ ಮೇಲೆ ಅವಕಾಶ.

ನಾಲ್ಕು ಗೆರೆ
ತಕ್ಕದಾದ ಎನ್ನುವುದಕ್ಕೆ ಒತ್ತು ಕೊಡಿ.

ಗಿಟಾರ್ ಬಿಡಲ್ಲ
ಮೆತ್ತಗೆ ಮೀಟಿದ ಗಿಟಾರ್ ಗುಡುಗುವ ಆರ್ಗನ್‌ಗಿಂತ ಪ್ರಾರ್ಥನೆಗೆ ಹತ್ತಿರ ಇರಬಹುದು, ನುಡಿಸುವವರ ಮೇಲೆ ಹೋಗುತ್ತದೆ.

ಓದುಗ
ಅಮ್ಮ ಕೇಳಿದ್ದು ಗಂಟಲಿನ ವಿಷಯ. ನೀವಿಬ್ಬರೂ ಎಲ್ಲಿಗೆ ಹೋದಿರಿ?

ಕ್ವಾಯರ್ ಮೇಷ್ಟ್ರು
ಹೋಗಲಿ ಬಿಡಿ, ಆದರೆ ಈ ಜಗಳಕ್ಕೂ ಶಿಬಿರಕ್ಕೂ ಸಂಬಂಧ ಇದೆ. ಅಮ್ಮನ ಎರಡನೇ ಪ್ರಶ್ನೆ ಅದೇ ಅಲ್ವಾ, ಅಲ್ಲಿ ಏನು ಮಾಡಿಸುತ್ತಾರೆ ಎಂದು.

ನನ್ನ ಪ್ರಕಾರ ಗಿಟಾರ್ ಬೇಕಾ, ಲ್ಯಾಟಿನ್ ಬೇಕಾ ಎಂಬುದು ಆಮೇಲಿನ ಮಾತು. 1967ರ ಮುಸಿಕಾಂ ಸಾಕ್ರಂ ಎಂಬ ರೋಮ್‌ನ ನಿರ್ದೇಶನ ಪೂಜೆಯ ಹಾಡನ್ನು ಮೂರು ಮೆಟ್ಟಿಲು ಮಾಡುತ್ತದೆ. ಮೊದಲ ಮೆಟ್ಟಿಲಲ್ಲಿ ಇರುವುದು ಪ್ರವೇಶದ ಹಾಡಲ್ಲ, ಪರಮಪ್ರಸಾದದ (ಕಮ್ಯುನಿಯನ್) ಹಾಡೂ ಅಲ್ಲ. ಗುರುಗಳು (ಪಾದ್ರಿಗಳು) ರಾಗವಾಗಿ ಸಂಬೋಧಿಸಿದಾಗ ಜನ ಕೊಡುವ ಉತ್ತರ, ಪರಿಶುದ್ಧ ಎನ್ನುವ ಸ್ತುತಿ, ಪರಲೋಕ ಮಂತ್ರ ಇಂಥವು. ಎರಡನೆಯದರಲ್ಲಿ ಪ್ರಭೂ ದಯೆತೋರಿ, ಮಹಿಮೆಯ ಗೀತೆ, ದೇವರ ಕುರಿಮರಿ. ಪ್ರವೇಶ, ಕಾಣಿಕೆ, ಪರಮಪ್ರಸಾದದ ಹಾಡುಗಳು ಬರುವುದು ಮೂರನೆಯದರಲ್ಲಿ. ನಾವು ಮಾಡುವುದು ಪೂರಾ ಉಲ್ಟಾ. ಮೂರನೇ ಮೆಟ್ಟಿಲ ನಾಲ್ಕು ಹಾಡಿಗೆ ವಾರಗಟ್ಟಲೆ ಪ್ರಾಕ್ಟೀಸ್ ಮಾಡುತ್ತೇವೆ, ಮೊದಲ ಮೆಟ್ಟಿಲಲ್ಲಿ ಗೊಣಗುತ್ತೇವೆ.

ಒಳ್ಳೆಯ ಶಿಬಿರದಲ್ಲಿ ಮೊದಲ ಸಂಜೆಯೇ ಉತ್ತರಗಳನ್ನು ಹಾಡಿಸುತ್ತಾರೆ. ಅವಕ್ಕೆ ಮೂರು ನಾಲ್ಕು ಸ್ವರ ಸಾಕು. ದನಿ ಒಡೆದ ಹುಡುಗನಿಗೂ ಬರುತ್ತದೆ. ಅಲ್ಲಿಗೆ ಅವನು ಪೂಜೆಯ ಹಾಡಿನ ಒಳಗೆ ಬಂದಾಯಿತು. ಪೂಜೆಯ ನಡುವೆ ಹಾಡುವುದು ಬೇರೆ, ಪೂಜೆಯನ್ನೇ ಹಾಡುವುದು ಬೇರೆ. ಮಕ್ಕಳಿಗೆ ಎರಡನೆಯದು ತಿಳಿಸಿಕೊಡುವುದಕ್ಕೆ ಒಂದು ವಾರ ಬೇಕೇ ಬೇಕು, ಭಾನುವಾರದ ಅರ್ಧ ಗಂಟೆಯಲ್ಲಿ ಆಗುವುದಿಲ್ಲ.

ಗಿಟಾರ್ ಬಿಡಲ್ಲ
ಇದಕ್ಕೆ ನನ್ನ ತಕರಾರಿಲ್ಲ. ಉತ್ತರಗಳಿಗೆ ಯಾವ ವಾದ್ಯವೂ ಬೇಡ, ಬರೀ ದನಿ ಸಾಕು. ಆದರೆ ಆಟದ ಹೊತ್ತಿಗೆ ಗಿಟಾರ್ ತರುವೆ.

ನಾಲ್ಕು ಗೆರೆ
ತನ್ನಿ. ಬೇಡ ಅಂದವರ್ಯಾರು?

ಎರಡು ಹೆಣ್ಣುಮಕ್ಕಳ ಅಪ್ಪ
ಎಲ್ಲರೂ ಹುಡುಗರ ದನಿ ಎನ್ನುತ್ತಿದ್ದೀರಿ. ಹುಡುಗಿಯರಿಗೂ ಬದಲಾಗುತ್ತದೆ ಅಲ್ವಾ? ನನ್ನ ದೊಡ್ಡ ಮಗಳು 13ಕ್ಕೆ "ಅಪ್ಪಾ, ದನಿಯಲ್ಲಿ ಬರೀ ಗಾಳಿ ಬರ್ತಿದೆ" ಎಂದು ಅತ್ತಳು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಸ್ಪೀಚ್ ಥೆರಪಿ
ಖಂಡಿತ ಬದಲಾಗುತ್ತದೆ ಸರ್. ಹುಡುಗರಷ್ಟು ಇಳಿಯುವುದಿಲ್ಲ, ಎರಡು ಮೂರು ಸ್ವರ ಇಳಿಯಬಹುದು. ತಂತುಗಳು ಹಿಂಭಾಗದಲ್ಲಿ ಪೂರ್ತಿ ಮುಚ್ಚದೆ ಸಣ್ಣ ಸಂದಿ ಉಳಿಯುತ್ತದೆ, ಅದರಿಂದ ಗಾಳಿ ಸೋರುತ್ತದೆ. ಬೆಳೆದಂತೆ ಸರಿಹೋಗುತ್ತದೆ. ಆ ಗಾಳಿ ಮುಚ್ಚಲು ಒತ್ತಿ ಹಾಡುವುದನ್ನು ಕಲಿತರೆ ಮಾತ್ರ ತೊಂದರೆ.

ಆಲ್ಟೊ ಅಕ್ಕ
ಇನ್ನೊಂದು ಅನ್ಯಾಯ ಹೇಳುತ್ತೇನೆ. ನೊಟೇಷನ್ ಓದಬಲ್ಲ ಹುಡುಗಿಯನ್ನು ದನಿ ನೋಡದೆ ಆಲ್ಟೊಗೆ ಹಾಕುತ್ತಾರೆ, ಯಾಕೆಂದರೆ ಆಲ್ಟೊ ಸಾಲು ಕಷ್ಟ, ಇವಳು ಹೇಗೋ ಹಿಡಿದುಕೊಳ್ಳುತ್ತಾಳೆ ಎಂದು. ನನ್ನನ್ನೂ ಹಾಗೇ ಹಾಕಿದರು. ನನ್ನದು ನಿಜವಾದ ಆಲ್ಟೊ ಆದ್ದರಿಂದ ಸರಿಹೋಯಿತು, ಪಕ್ಕದವಳಿಗೆ ಆಗಲಿಲ್ಲ. ಹದಿಹರೆಯದಲ್ಲಿ ಯಾರನ್ನೂ ಒಂದೇ ಸಾಲಿಗೆ ಕಟ್ಟಿಹಾಕಬಾರದು. ಇವತ್ತು ಮೇಲಿನದು, ನಾಳೆ ಕೆಳಗಿನದು, ಎರಡೂ ಬರಬೇಕು.

ಹಾಗೆ ನೋಡಿದರೆ ಹುಡುಗಿಯರು ಕ್ವಾಯರ್‌ನಲ್ಲಿ ಇರುವುದೇ ದೊಡ್ಡದು. 1903ರಲ್ಲಿ ಹತ್ತನೇ ಪಿಯುಸ್ ಪೋಪರು ಹೊರಡಿಸಿದ ಸಂಗೀತದ ಆದೇಶದಲ್ಲಿ ಹೆಂಗಸರು ಚರ್ಚಿನ ಕ್ವಾಯರ್‌ಗೆ ಸೇರುವಂತಿಲ್ಲ, ಎತ್ತರದ ದನಿ ಬೇಕಿದ್ದರೆ ಹುಡುಗರನ್ನು ಇಟ್ಟುಕೊಳ್ಳಿ ಎಂದಿತ್ತು. ಮೇಷ್ಟ್ರು ಹೇಳಿದ 1967ರ ನಿರ್ದೇಶನದಲ್ಲಿ ಗಂಡಸರು ಹೆಂಗಸರು ಸೇರಿದ ಕ್ವಾಯರ್ ಇರಬಹುದು ಎಂದು ಬರೆದರು. ಇವತ್ತು ಶಿಬಿರಗಳಲ್ಲಿ ನೋಡಿ, ಹುಡುಗಿಯರೇ ಜಾಸ್ತಿ.

ಯುವಜನ ಸಂಚಾಲಕಿ
ನಾನು ಇಂಥ ಶಿಬಿರ ನಡೆಸುವ ತಂಡದಲ್ಲಿ ಇರುವವಳು. ಹಾಡಿನ ಮಾತು ಬದಿಗಿಟ್ಟು ಬೇರೆ ಮಾತು ಹೇಳಬೇಕು. ಮಗು ರಾತ್ರಿ ಉಳಿಯುವ ಯಾವ ಶಿಬಿರಕ್ಕೇ ಆದರೂ ಮಕ್ಕಳ ರಕ್ಷಣೆಯ ನಿಯಮಗಳನ್ನು ಬರಹದಲ್ಲಿ ಕೇಳಿ ತೆಗೆದುಕೊಳ್ಳಿ. ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಮುಚ್ಚಿದ ಬಾಗಿಲೊಳಗೆ ಇರುವಂತಿಲ್ಲ, ದನಿ ಪರೀಕ್ಷೆಗೂ ಇಲ್ಲ, ಸೋಲೊ ಪಾಠಕ್ಕೂ ಇಲ್ಲ. ಪಾಪನಿವೇದನೆ ಎಲ್ಲರ ಕಣ್ಣಿಗೆ ಕಾಣುವ ಜಾಗದಲ್ಲಿ ಇರಲಿ. ಹುಡುಗರ, ಹುಡುಗಿಯರ ಮಲಗುವ ಜಾಗ ಬೇರೆ ಬೇರೆ, ಕಾವಲಿಗೆ ಒಬ್ಬರಿಗಿಂತ ಹೆಚ್ಚು ಜನ. ರಾತ್ರಿ ಮಗು ಮನೆಗೆ ಫೋನ್ ಮಾಡಬೇಕು ಎಂದರೆ ಯಾರೂ ತಡೆಯಬಾರದು. 2019ರ ಪೋಪ್ ಫ್ರಾನ್ಸಿಸರ ಆದೇಶದ ಪ್ರಕಾರ ಧರ್ಮಪ್ರಾಂತ್ಯಗಳಲ್ಲಿ (ಒಬ್ಬೊಬ್ಬ ಬಿಷಪರ ಆಡಳಿತದ ಪ್ರದೇಶ) ದೂರು ಸ್ವೀಕರಿಸುವ ವ್ಯವಸ್ಥೆ ಇರಲೇಬೇಕು. ಅದು ಎಲ್ಲಿದೆ, ಯಾರಿಗೆ ಹೇಳಬೇಕು ಎಂದು ಶಿಬಿರದವರಿಗೆ ಗೊತ್ತಿರಬೇಕು. ಕೇಳಿದರೆ ಬೇಜಾರು ಮಾಡಿಕೊಳ್ಳುವವರ ಹತ್ತಿರ ಮಗುವನ್ನು ಬಿಡಬೇಡಿ. ನಮ್ಮನ್ನು ಕೇಳುವ ಅಪ್ಪ ಅಮ್ಮಂದಿರನ್ನು ಕಂಡರೆ ನಮಗೆ ಖುಷಿ.

ಓದುಗ
ಈ ಪೋಸ್ಟನ್ನು ಮೇಲಕ್ಕೆ ಪಿನ್ ಮಾಡಿ ಯಾರಾದರೂ.

ಎರಡು ಹೆಣ್ಣುಮಕ್ಕಳ ಅಪ್ಪ
ಫೋನ್ ಬೆಳಗ್ಗೆಯೇ ಕಿತ್ತುಕೊಳ್ಳುತ್ತಾರೆ ಎಂದನಲ್ಲ ಆ ಹುಡುಗ, ಅದು ಹೇಗೆ?

ಯುವಜನ ಸಂಚಾಲಕಿ
ಪ್ರಾಕ್ಟೀಸ್ ಹೊತ್ತಿನಲ್ಲಿ ಮಾತ್ರ. ಕೇಳಿದಾಗ ಕೊಡಲೇಬೇಕು. ನಮ್ಮಲ್ಲಿ ಸಂಜೆ ಎಲ್ಲರಿಗೂ ವಾಪಸ್ ಕೊಡುತ್ತೇವೆ.

ಸುಮ್ನೆ ಕೇಳ್ತೀನಿ
ಲ್ಯಾಟಿನ್ ಮಕ್ಕಳಿಗೆ ಅರ್ಥ ಆಗಲ್ಲ. ಅರ್ಥ ಆಗದ್ದನ್ನು ಹಾಡಿಸಿದರೆ ಅದು ಪ್ರಾರ್ಥನೆ ಹೇಗಾಗುತ್ತದೆ?

ಕೊನೇ ಬೆಂಚು
ನಮಗೆ ಮೊದಲು ಅರ್ಥ ಹೇಳಿಕೊಟ್ಟೇ ಹಾಡಿಸಿದ್ರು. ಮೊಜಾರ್ಟ್‌ನ ಆವೆ ವೇರುಂ ಅನ್ನೋ ಲ್ಯಾಟಿನ್ ಹಾಡು ಕಲಿಸಿದ್ರು, 1791ರಲ್ಲಿ, ಅವನು ತೀರಿಕೊಂಡ ವರ್ಷ ಬರೆದಿದ್ದು. ಇರೋದೇ 46 ಬಾರ್ (ತಾಳದ ಸುತ್ತು). ಎರಡು ಪುಟ ಮೂರು ಪುಟ. ಆದರೆ ಮೆತ್ತಗೆ ಹಾಡಬೇಕು, ಉಸಿರು ಸಾಕಾಗಲ್ಲ, ಪಕ್ಕದವನು ಉಸಿರು ತಗೊಳ್ಳುವಾಗ ನಾವು ಎಳೀಬೇಕು, ನಾವು ತಗೊಳ್ಳುವಾಗ ಅವನು. ಶಿಲುಬೆ ಮೇಲೆ ಚುಚ್ಚಿದ ಪಕ್ಕೆಯಿಂದ ನೀರು, ರಕ್ತ ಹರಿಯಿತು ಅನ್ನೋ ಸಾಲಿನ ಅರ್ಥ ಗೊತ್ತಾದ ಮೇಲೆ ರೂಮಿನಲ್ಲಿ ಯಾರೂ ಜೋರಾಗಿ ಹಾಡಲೇ ಇಲ್ಲ. ಮೇಷ್ಟ್ರು ಮೆತ್ತಗೆ ಅಂತ ಹೇಳೋದೇ ಬೇಕಾಗಲಿಲ್ಲ.

ಸುಮ್ನೆ ಕೇಳ್ತೀನಿ
ಒಪ್ಪಿದೆ. ಆದರೂ ತಾಯಿನುಡಿಯ ಹಾಡೂ ಸಮವಾಗಿ ಇರಬೇಕು ಎನ್ನುವುದು ನನ್ನ ಹಟ.

ನಾಲ್ಕು ಗೆರೆ
ಇರಲಿ ಇರಲಿ. ಆರನೇ ಪೌಲ್ ಪೋಪರು 1974ರಲ್ಲಿ ಎಲ್ಲರಿಗೂ ತಿಳಿದಿರಲೆಂದು ಸುಲಭದ ಗಾನಗಳ ಒಂದು ಚಿಕ್ಕ ಪುಸ್ತಕವನ್ನು ಎಲ್ಲಾ ಬಿಷಪರಿಗೆ ಕಳಿಸಿಕೊಟ್ಟರು. ಬೇರೆ ಬೇರೆ ಭಾಷೆಯ ಜನ ಒಂದು ಕಡೆ ಸೇರಿದಾಗ ಒಟ್ಟಿಗೆ ಹಾಡಲು ಏನಾದರೂ ಇರಲಿ ಎಂದು. ಅಷ್ಟು ಕಲಿತರೆ ಸಾಕು, ಉಳಿದದ್ದು ತಾಯಿನುಡಿಯಲ್ಲೇ ಹಾಡಲಿ. ರಾತ್ರಿ ಪ್ರಾರ್ಥನೆಯ ಕೊನೆಯಲ್ಲಿ ಮಾತೆ ಮರಿಯಮ್ಮನಿಗೆ ಹಾಡುವ ಸಾಲ್ವೆ ರೆಜಿನಾ, ಪಾಸ್ಕ (ಈಸ್ಟರ್) ಕಾಲದಲ್ಲಾದರೆ ರೆಜಿನಾ ಚೇಲಿ, ಇವು ಆ ಪುಸ್ತಕದಲ್ಲಿವೆ. ಒಂದು ವಾರ ದಿನಾ ರಾತ್ರಿ ಹಾಡಿದರೆ ಪುಸ್ತಕ ನೋಡದೆ ಬರುತ್ತದೆ.

ಬೇಸ್ ಸಾಲು
ಶ್ರುತಿಯೇ ಹಿಡಿಯದ ಮಕ್ಕಳು ಬಂದರೆ ಏನು ಮಾಡುತ್ತಾರೆ? ನಮ್ಮ ಅಣ್ಣನ ಮಗ ಇದ್ದಾನೆ, ಆಸೆ ಬೆಟ್ಟದಷ್ಟು, ಸ್ವರ ಎಲ್ಲೋ.

ಕ್ವಾಯರ್ ಮೇಷ್ಟ್ರು
ಗಟ್ಟಿಯಾಗಿ ಹಾಡುವ ಇಬ್ಬರ ನಡುವೆ ನಿಲ್ಲಿಸಿ, ಮೊದಲು ಕೇಳಿಸಿ, ಆಮೇಲೆ ಗುನುಗಿಸಿ. ಅವನು ಹಾಡುವ ಸ್ವರಕ್ಕೆ ನೀವು ಹೋಗಿ, ಅಲ್ಲಿಂದ ಕೈಹಿಡಿದು ಮೇಲೆ ಕರೆದುಕೊಂಡು ಬನ್ನಿ. ಬಹಳ ಮಕ್ಕಳಿಗೆ ಕಿವಿ ಸರಿಯಾಗೇ ಇರುತ್ತದೆ, ತನ್ನ ದನಿ ಎಲ್ಲಿದೆ ಎಂದು ಗೊತ್ತಿರುವುದಿಲ್ಲ ಅಷ್ಟೇ. "ನೀನು ಬರೀ ಬಾಯಿ ಅಲ್ಲಾಡಿಸು" ಎಂದು ಯಾವ ಮಗುವಿಗೂ ಹೇಳಬೇಡಿ. ಆ ಮಾತು ಹೊತ್ತುಕೊಂಡು ಐವತ್ತು ವರ್ಷದವರಾದರೂ ಹಾಡದೇ ಕೂತವರನ್ನು ನಾನು ನೋಡಿದ್ದೇನೆ.

ಹೊಸಬ
ಕೊನೇ ದಿನದ ಪೂಜೆ ಮುಗಿದ ಮೇಲೆ ಚಪ್ಪಾಳೆ ತಟ್ಟಬಹುದಾ? ನಮ್ಮಲ್ಲಿ ಪ್ರತಿ ವರ್ಷ ಇದೇ ಜಗಳ.

ಆಲ್ಟೊ ಅಕ್ಕ
ದಯವಿಟ್ಟು ಅದನ್ನು ಇಲ್ಲಿ ಶುರು ಮಾಡಬೇಡಿ. ಬೇರೆ ಥ್ರೆಡ್ ತೆಗೆಯಿರಿ, ಅಲ್ಲಿಗೂ ಬರುತ್ತೇನೆ.

ಹುಡುಗನ ಅಮ್ಮ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶಿಬಿರಕ್ಕೆ ಫೋನ್ ಮಾಡಿದೆ. ಮೇಷ್ಟ್ರು ಹೇಳಿದ ಪ್ರಶ್ನೆಯನ್ನೇ ಕೇಳಿದೆ. ಫೋನ್ ಎತ್ತಿದ ಸಿಸ್ಟರ್ ತಡವರಿಸಲಿಲ್ಲ. ಆ ಹುಡುಗರಿಗೆ ಬೇರೆ ಗುಂಪು, ಬೇರೆ ಲೀಡರ್ ಇದ್ದಾರೆ, ದಿನಾ ದನಿ ನೋಡಿ ಸಾಲು ಕೊಡುತ್ತೇವೆ ಅಂದರು. ರಕ್ಷಣೆಯ ನಿಯಮ ಕೇಳಿದ್ದಕ್ಕೆ ಅವತ್ತೇ ಪೂರ್ತಿ ಕಳಿಸಿದರು. ಅವನನ್ನೇ ಕೇಳಿದೆ, ಹೋಗ್ತೀಯಾ ಅಂತ. ಹೋಗ್ತೀನಿ, ಆದರೆ ಯಾರೂ ನನ್ನ ಕೈಲಿ ಸೋಲೊ ಹಾಡಿಸಬಾರದು ಅಂದ. ಅದನ್ನೂ ಅರ್ಜಿಯಲ್ಲಿ ಬರೆದೆ. ಹೆಸರು ಕೊಟ್ಟಾಯಿತು. ಈಗ ಹೋಗುವ ಮುಂಚೆ ಏನಾದರೂ ತಯಾರಿ ಬೇಕಾ?

ಸ್ಪೀಚ್ ಥೆರಪಿ
ಹತ್ತಿರ ಯಾವಾಗಲೂ ನೀರು ಇಟ್ಟುಕೊಳ್ಳಲಿ. ನಿದ್ದೆ ಸರಿಯಾಗಿ ಮಾಡಲಿ. ದನಿ ಸುಸ್ತಾದಾಗ ಪಿಸುಗುಟ್ಟುವುದು ಬೇಡ, ಅದರಿಂದ ಗಂಟಲಿಗೆ ಇನ್ನಷ್ಟು ಬಿಗಿತ, ಸುಮ್ಮನೆ ಇದ್ದರೆ ಒಳ್ಳೆಯದು.

ಕ್ವಾಯರ್ ಮೇಷ್ಟ್ರು
ಬೇಸ್ ಕ್ಲೆಫ್ (ನೊಟೇಷನ್‌ನಲ್ಲಿ ತಗ್ಗು ಸ್ವರಗಳ ಗುರುತು) ಓದುವುದನ್ನು ಈಗಲೇ ಶುರು ಮಾಡಲಿ. ಸೊಪ್ರಾನೊ ಹಾಡಿದವರಿಗೆ ಅದರ ಪರಿಚಯ ಇರುವುದಿಲ್ಲ, ದನಿ ಇಳಿದ ಮೇಲೆ ಸ್ವರ ಗೊತ್ತಿದ್ದೂ ಹಾಳೆ ಓದಲಾಗದೆ ಪರದಾಡುತ್ತಾರೆ. ದಿನಕ್ಕೆ ಹತ್ತು ನಿಮಿಷ ಸಾಕು.

ಎರಡು ಹೆಣ್ಣುಮಕ್ಕಳ ಅಪ್ಪ
ಮೇಷ್ಟ್ರೇ, ನನ್ನ ಚಿಕ್ಕವಳಿಗೆ 12. ಅವಳಿಗೂ ಬೇಸ್ ಕ್ಲೆಫ್ ಕಲಿಸಲಾ?

ಕ್ವಾಯರ್ ಮೇಷ್ಟ್ರು
ಕಲಿಸಿ ಸರ್. ನಾಳೆ ಆರ್ಗನ್ ನುಡಿಸುವವಳು ಅವಳೇ ಆಗಬಹುದು, ಎಡಗೈಗೆ ಅದೇ ಬೇಕು.